ಲಕ್ವ ಹೊಡೆದ್ರ ಇಂಜೆಕ್ಷನ್ನಾ, ಕ್ಯಾತೆಟರ್ರಾ? ಹತ್ತಿರದ ಆಸ್ಪತ್ರಿನಾ, ದೂರದ್ದಾ? ಕೊಪ್ಪಳ, ರಾಯಚೂರು, ಬಳ್ಳಾರಿ ಕಡಿಯವರಿಗೆ

ನಮ್ಮ ಕಡೆ ಯಾರಿಗರ ಲಕ್ವ ಹೊಡೀತು ಅಂದ ಕೂಡ್ಲೇ ಮನಿ ಮಂದಿ ಕೇಳೋ ಮೊದಲನೇ ಮಾತು ಎಲ್ಲಿಗೆ ಒಯ್ಯೋದು ಅಂತ. ಹುಬ್ಬಳ್ಳಿಗಾ, ಬೆಂಗಳೂರಿಗಾ, ಹೈದರಾಬಾದಿಗಾ, ಇಲ್ಲಾ ಇಲ್ಲೇ ಊರಾಗಿನ ನರ್ಸಿಂಗ್ ಹೋಮಿಗಾ. ಈಗೀಗ ಯೂಟ್ಯೂಬ್ ನೋಡಿದವರು ಇನ್ನೊಂದು ಸೇರಿಸ್ತಾರ, ತೊಡಿ ಸಂದಿಯಿಂದ ವೈರ್ ಹಾಕಿ ಮಿದುಳಾಗಿನ ಬ್ಲಾಕ್ ತೆಗೀತಾರಂತಲ್ಲ, ಸೀದಾ ಅದನ್ನೇ ಮಾಡಿಸಿದ್ರ ಹೆಂಗ ಅಂತ. ನಾನು ಗಂಗಾವತಿಯಾಗ ಮೆಡಿಕಲ್ ಶಾಪ್ ನಡೆಸೋನು, ಡಾಕ್ಟರ್ ಅಲ್ಲ, ಆದ್ರ ಈ ಪ್ರಶ್ನೆ ಕೌಂಟರ್ ಮುಂದ ಎಷ್ಟು ಸಲ ಬಂದೈತಿ ಅಂದ್ರ ಓದಿ, ಕೇಳಿ, ನರರೋಗದ ಡಾಕ್ಟರಿಗೆ ಕಾಡಿಸಿ ತಿಳ್ಕೊಂಡದ್ದನ್ನ ಒಂದು ಕಡೆ ಬರೆದಿಡೋಣ ಅನ್ನಿಸ್ತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಕ್ಲಾಟ್ (ರಕ್ತದ ಗಡ್ಡಿ) ಕರಗಿಸೋ ಇಂಜೆಕ್ಷನ್ನಾ, ಟ್ಯೂಬ್ ಹಾಕಿ ಅದನ್ನ ತೆಗೆಯೋ ಕ್ಯಾತೆಟರ್ರಾ ಅನ್ನೋದು ಮನಿಯವರು ಆರಿಸೋ ವಿಷಯನೇ ಅಲ್ಲ, ಅದನ್ನ ಸ್ಕ್ಯಾನ್ ಹೇಳ್ತೈತಿ. ಮನಿಯವರ ಕೈಯಾಗಿರೋದು ಗಾಡಿ ಮೊದಲು ಯಾವ ಕಡೆ ತಿರುಗಬೇಕು ಅನ್ನೋದು, ಮತ್ತ ಎಷ್ಟು ಬೇಗ.

ಎಲ್ಲಕ್ಕಿಂತ ಮೊದಲು ಸಿಟಿ ಸ್ಕ್ಯಾನ್

ಲಕ್ವದಾಗ ಎರಡು ಥರ ಐತಿ. ಒಂದು ಮಿದುಳಿಗೆ ಹೋಗೋ ರಕ್ತನಾಳದಾಗ ಕ್ಲಾಟ್ ಸಿಕ್ಕೊಂಡು ಬ್ಲಾಕ್ ಆಗೋದು, ಇನ್ನೊಂದು ನಾಳ ಒಡೆದು ಒಳಗ ರಕ್ತ ಸುರಿಯೋದು. ಹೆಚ್ಚಿನವು ಬ್ಲಾಕ್ ಆಗೋವೇ, ಆದ್ರ ಹೊರಗಿಂದ ನೋಡಿದ್ರ ಎರಡೂ ಒಂದೇ ಥರ ಕಾಣ್ತಾವ, ಬಾಯಿ ಸೊಟ್ಟ, ಒಂದು ಕೈ ಮ್ಯಾಲ ಏಳಂಗಿಲ್ಲ, ಮಾತು ತೊದಲ್ತೈತಿ, ಕೆಲವರಿಗೆ ಒಮ್ಮೆಲೇ ತೋಲ ತಪ್ಪಿ ಬೀಳೋದು, ಕಣ್ಣಿಗೆ ಎರಡೆರಡು ಕಾಣೋದು. ಎಷ್ಟೇ ದೊಡ್ಡ ಡಾಕ್ಟರ್ ಇರಲಿ ಬರೀ ಕೈಕಾಲು ಮುಟ್ಟಿ ನೋಡಿ ಇದು ಬ್ಲಾಕ್, ಇದು ಬ್ಲೀಡಿಂಗ್ ಅಂತ ಖಾತ್ರಿ ಹೇಳಾಕ ಆಗಂಗಿಲ್ಲ. ಒಂದಕ್ಕ ಕೊಡೋ ಔಷಧ ಇನ್ನೊಂದಕ್ಕ ವಿಷ. ಅದಕ್ಕ ನಮ್ಮ ಅಂಗಡಿಗೆ ಬಂದು "ಅಣ್ಣಾ, ಅವ್ವಂದು ಬಾಯಿ ವಾರಿ ಆಗೈತಿ, ಬಿಪಿ ಗುಳಿಗಿ ಕೊಡು, ಜೊತಿಗೆ ರಕ್ತ ತೆಳು ಮಾಡೋದೂ ಒಂದು ಕೊಡು" ಅಂದ್ರ ನಾನು ಕೊಡಂಗಿಲ್ಲ, ಮೊದಲು ಗಾಡಿ ತರಿಸು ಅಂತೀನಿ. ಬಿಪಿ ಮನ್ಯಾಗ ಒಮ್ಮೆಲೇ ಇಳಿಸಿದ್ರ ಬ್ಲಾಕ್ ಆದ ಭಾಗಕ್ಕ ಬರೋ ಅಷ್ಟಿಷ್ಟು ರಕ್ತನೂ ಕಮ್ಮಿ ಆಗ್ತೈತಿ, ಆಸ್ಪಿರಿನ್ ಕೊಟ್ಟಿದ್ದು ಬ್ಲೀಡಿಂಗ್ ಕೇಸಾಗಿದ್ರ ಇನ್ನೂ ಕಷ್ಟ. ಬಾಯಿಗೆ ನೀರೂ ಹಾಕಬ್ಯಾಡ್ರಿ, ನುಂಗೋ ಶಕ್ತಿ ಹೋಗಿದ್ರ ಅದು ಪುಪ್ಪುಸಕ್ಕ ಇಳೀತೈತಿ. ಸಕ್ಕರಿ ಕಾಯಿಲಿಯವರಾಗಿದ್ರ ಗ್ಲೂಕೋಮೀಟರಿನಾಗ ಒಮ್ಮೆ ನೋಡ್ರಿ, ಶುಗರ್ ತೀರಾ ಇಳಿದಾಗ್ಲೂ ಹಿಂಗೇ ಕಾಣ್ತೈತಿ.

ಪಾರಿವಾಳದ ರಕ್ತ ತಿಕ್ಕೋದು, ಯಾವುದೋ ಊರಾಗ ಲಕ್ವದ ಔಷಧಿ ಕೊಡ್ತಾರಂತ ಅಲ್ಲಿಗೆ ಒಯ್ಯೋದು, ಇವು ಇನ್ನೂ ನಡದಾವ. ತಾವಾಗೇ ಸುಧಾರಿಸೋ ಸಣ್ಣ ಲಕ್ವ ಬೇಕಾದಷ್ಟು ಇರ್ತಾವ, ಅದರ ಪುಣ್ಯ ಪಾರಿವಾಳಕ್ಕ ಹೋಗ್ತೈತಿ ಅಷ್ಟೇ.

ಇಂಜೆಕ್ಷನ್ ಅಂದ್ರ ಏನು

ಕ್ಲಾಟ್ ಕರಗಿಸೋ ಔಷಧ. ಹಳೇದು ಆಲ್ಟಿಪ್ಲೇಸ್, 1995 ರಾಗ ಅಮೆರಿಕದ ಒಂದು ದೊಡ್ಡ ಪ್ರಯೋಗದಾಗ ಮೂರು ತಾಸಿನ ಒಳಗ ಕೊಟ್ರ ಉಪಯೋಗ ಐತಿ ಅಂತ ಸಾಬೀತಾತು, 2008 ರಾಗ ಯುರೋಪಿನ ಪ್ರಯೋಗ ಅದನ್ನ ನಾಲ್ಕೂವರೆ ತಾಸಿಗೆ ಏರಿಸ್ತು. ಇವತ್ತಿಗೂ ನಮ್ಮ ಕಡಿ ಎಲ್ಲಾ ಆಸ್ಪತ್ರಿಯವರು ನೋಡೋ ಗೆರಿ ಈ ನಾಲ್ಕೂವರೆ ತಾಸೇ. ತೂಕದ ಲೆಕ್ಕದಾಗ, ಕೆಜಿಗೆ 0.9 ಮಿಲಿಗ್ರಾಂ, ಹತ್ತರಾಗ ಒಂದು ಭಾಗ ಮೊದಲು ನೂಕಿ ಉಳಿದದ್ದು ಒಂದು ತಾಸು ಡ್ರಿಪ್ಪಿನಾಗ ಹೋಗ್ತೈತಿ. ಹೊಸದು ಟೆನೆಕ್ಟಿಪ್ಲೇಸ್, ಇದನ್ನ ಒಂದೇ ಸಲ ನೂಕಿ ಮುಗಿಸ್ತಾರ, ಡ್ರಿಪ್ಪಿಲ್ಲ, ಪಂಪಿಲ್ಲ, ಅದಕ್ಕ ಕೊಟ್ಟು ಕೂಡ್ಲೇ ಆಂಬ್ಯುಲೆನ್ಸಿಗೆ ಹತ್ತಿಸಾಕ ಅನುಕೂಲ. ಅಮೆರಿಕದಾಗ ಸ್ಟ್ರೋಕಿಗೆ ಇದಕ್ಕ ಒಪ್ಪಿಗೆ ಸಿಕ್ಕಿದ್ದು 2025 ರಾಗ, ನಮ್ಮ ದೇಶದಾಗ ಅದಕ್ಕಿಂತ ಮೊದಲಿಂದಲೇ ಕೊಡ್ತಿದ್ರು.

ಇದರ ದೊಡ್ಡ ಲಾಭ ಅಂದ್ರ ಇದಕ್ಕ ಕ್ಯಾತ್ ಲ್ಯಾಬ್, ಅಂದ್ರ ಕ್ಯಾತೆಟರ್ ಹಾಕೋ ಎಕ್ಸ್‌ರೇ ರೂಮು, ಬ್ಯಾಡ. ಸಿಟಿ ಮಷಿನ್, ಔಷಧದ ಬಾಟ್ಲಿ, ಐಸಿಯು, ಧೈರ್ಯ ಇರೋ ಫಿಜಿಶಿಯನ್ ಅಥವಾ ನರರೋಗದ ಡಾಕ್ಟರ್ ಇದ್ರ ಜಿಲ್ಲಾ ಮಟ್ಟದಾಗೂ ಆಗ್ತೈತಿ. ಅಪಾಯ ಅಂದ್ರ ಮಿದುಳಿನಾಗ ರಕ್ತಸ್ರಾವ, ಆ 1995 ರ ಪ್ರಯೋಗದಾಗ ನೂರಕ್ಕ ಆರು ಮಂದಿಗೆ ಆಗಿತ್ತು. ಎಲ್ಲಾರಿಗೂ ಕೊಡಾಕ ಬರಂಗೂ ಇಲ್ಲ. ಬಿಪಿ 185/110 ಕ್ಕಿಂತ ಮ್ಯಾಲಿದ್ರ ಮೊದಲು ಇಳಿಸಬೇಕು, ಮೊದಲು ಮಿದುಳಿನಾಗ ಬ್ಲೀಡಿಂಗ್ ಆದವರಿಗೆ, ಇತ್ತೀಚೆಗೆ ದೊಡ್ಡ ಆಪರೇಷನ್ ಆದವರಿಗೆ, ತಲಿಗೆ ಜೋರು ಪೆಟ್ಟು ಬಿದ್ದವರಿಗೆ ಸಾಮಾನ್ಯವಾಗಿ ಕೊಡಂಗಿಲ್ಲ. ಹಾರ್ಟ್ ವಾಲ್ವ್ ಹಾಕಿಸಿಕೊಂಡು ಅಸಿಟ್ರಾಮ್, ವಾರ್ಫರಿನ್ ಅನ್ನೋ ರಕ್ತ ತೆಳು ಮಾಡೋ ಗುಳಿಗಿ ತಗೊಳ್ಳೋರಿಗೆ ಐಎನ್‌ಆರ್ (ರಕ್ತ ಎಷ್ಟು ತೆಳು ಆಗೈತಿ ಅಂತ ತೋರಿಸೋ ಟೆಸ್ಟ್) 1.7 ದಾಟಿದ್ರೂ ಕೊಡಂಗಿಲ್ಲ. ಅದಕ್ಕೇ ಹೇಳೋದು, ಗಾಡಿ ಹತ್ತೋ ಮೊದಲು ಗುಳಿಗಿ ಡಬ್ಬಿನೇ ಚೀಲದಾಗ ಹಾಕ್ಕೊಳ್ರಿ. "ಕೆಂಪು ಗುಳಿಗಿ, ಸಣ್ಣದು, ರಾತ್ರಿ ತಗೋತಾರ" ಅಂದ್ರ ಡಾಕ್ಟರಿಗೆ ಏನೂ ತಿಳಿಯಂಗಿಲ್ಲ, ನಮಗಂತೂ ಮೊದಲೇ ತಿಳಿಯಂಗಿಲ್ಲ.

ಇಂಜೆಕ್ಷನ್ ಸೋಲೋದು ಎಲ್ಲಿ ಅಂದ್ರ ದೊಡ್ಡ ನಾಳದಾಗ. ಸಣ್ಣ ನಾಳದಾಗಿನ ಸಣ್ಣ ಕ್ಲಾಟ್ ಕರಗ್ತೈತಿ, ಆದ್ರ ಕುತ್ತಿಗಿಯಿಂದ ಮಿದುಳಿಗೆ ಏರೋ ಮುಖ್ಯ ನಾಳದ ತುದಿಯಾಗ ಉದ್ದಕ ಕೂತಿರೋ ಕ್ಲಾಟ್ ಬರೀ ಔಷಧಕ್ಕ ಕರಗೋದು ನೂರಕ್ಕ ಹತ್ತು ಮಂದಿಗೆ ಸಿಕ್ಕರೆ ಹೆಚ್ಚು.

ಕ್ಯಾತೆಟರ್ ಹಾಕಿ ತೆಗೆಯೋದು

ಇದಕ್ಕ ಥ್ರಾಂಬೆಕ್ಟಮಿ ಅಂತಾರ. ಹಾರ್ಟಿಗೆ ಆಂಜಿಯೋಗ್ರಾಂ ಮಾಡ್ದಂಗೇ ತೊಡಿ ಸಂದಿಯಾಗ, ಕೆಲವು ಸಲ ಮಣಿಕಟ್ಟಿನಾಗ, ಸೂಜಿ ಚುಚ್ಚಿ ತೆಳ್ಳನ ಟ್ಯೂಬ್ ಒಳಗ ಬಿಟ್ಟು ಎಕ್ಸ್‌ರೇ ಪರದಿ ನೋಡ್ಕೊಂತ ಕುತ್ತಿಗಿ ದಾಟಿಸಿ ಮಿದುಳಿನ ನಾಳದ ತನಕ ಒಯ್ತಾರ. ಅಲ್ಲಿ ಕ್ಲಾಟಿನ ಒಳಗ ಜಾಲರಿಯಂಥ ಸ್ಟೆಂಟ್ ಬಿಚ್ಚಿ, ಅದು ಕ್ಲಾಟನ್ನ ಹಿಡ್ಕೊಳ್ಳಿ ಅಂತ ಸ್ವಲ್ಪ ಹೊತ್ತು ಬಿಟ್ಟು, ಜಾಲರಿ ಸಮೇತ ಹೊರಗ ಎಳೀತಾರ, ಆ ಸ್ಟೆಂಟ್ ಒಳಗ ಉಳಿಯಂಗಿಲ್ಲ. ಇಲ್ಲಾ ಅಗಲ ಬಾಯಿಯ ಟ್ಯೂಬಿಗೆ ಪಂಪ್ ಹಚ್ಚಿ ಕ್ಲಾಟನ್ನ ಹೀರ್ತಾರ. ಜಾಲರಿನಾ ಹೀರೋದಾ ಅಂತ ಹೋಲಿಸಿ ನೋಡಿದ ಪ್ರಯೋಗಗಳಾಗ ದೊಡ್ಡ ಫರಕ ಸಿಕ್ಕಿಲ್ಲ, ಎಷ್ಟೋ ಸಲ ಎರಡೂ ಕೂಡಿಸಿ ಮಾಡ್ತಾರ, ಹಂಗಾಗಿ "ನಮಗ ಒಳ್ಳೇ ಕಂಪನಿ ಸ್ಟೆಂಟೇ ಹಾಕ್ರಿ" ಅಂತ ಅಲ್ಲಿ ಚೌಕಾಸಿ ಮಾಡ್ಕೊಂತ ನಿಲ್ಲಬ್ಯಾಡ್ರಿ. ಪೂರ್ತಿ ಅರಿವಳಿಕೆ ಕೊಡೋದಾ ಅರ್ಧ ಮಂಪರಾ ಅನ್ನೋದೂ ಅವರಿಗೇ ಬಿಡ್ರಿ.

ಇದು ಗೆದ್ದದ್ದು 2015 ರಾಗ. ಅದೇ ವರ್ಷ ನೆದರ್ಲೆಂಡ್ಸಿನದು ಸೇರಿ ಐದು ಪ್ರಯೋಗ ಸಾಲಾಗಿ ಬಂದು ಒಂದೇ ಮಾತು ಹೇಳಿದ್ವು, ಮುಂದಿನ ವರ್ಷ ಐದನ್ನೂ ಕೂಡಿಸಿ 1287 ಮಂದಿಯ ಲೆಕ್ಕ ಹಾಕಿದ್ರ ಮೂರು ತಿಂಗಳಿಗೆ ತಮ್ಮ ಕೆಲಸ ತಾವೇ ಮಾಡ್ಕೊಳ್ಳೋ ಮಟ್ಟಕ್ಕ ಬಂದವರು ಕ್ಯಾತೆಟರ್ ಗುಂಪಿನಾಗ ನೂರಕ್ಕ 46, ಬರೀ ಔಷಧದ ಗುಂಪಿನಾಗ 26 ಚಿಲ್ಲರ. ರಕ್ತಸ್ರಾವ ಎರಡೂ ಕಡಿ ಹೆಚ್ಚುಕಮ್ಮಿ ಒಂದೇ, ನೂರಕ್ಕ ನಾಲ್ಕರ ಮ್ಯಾಲ. ಈ 46 ನ್ನ ಸರಿಯಾಗಿ ಓದ್ಕೊಳ್ರಿ. ವಾಟ್ಸಾಪಿನಾಗ ಬರೋ ವಿಡಿಯೋದಾಗ ಅಜ್ಜ ಟೇಬಲ್ ಮ್ಯಾಲಿಂದ ಎದ್ದು ನಡೀತಾನ, ಹಂಗೂ ಆಗ್ತೈತಿ, ಸುಳ್ಳಲ್ಲ, ಆದ್ರ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದನ್ನ ಮಾಡಿಸಿದ ಮ್ಯಾಲೂ ಏನರ ಊನ ಉಳೀತೈತಿ, ಇಲ್ಲಾ ಜೀವನೇ ಹೋಗ್ತೈತಿ. ದುಡ್ಡು ಕಟ್ಟೋ ಮೊದಲು ಇದು ತಲ್ಯಾಗ ಇರಬೇಕು, ಆಮ್ಯಾಲ ಡಾಕ್ಟರ ಮ್ಯಾಲ ಜಗಳಕ್ಕ ಹೋಗೋದಕ್ಕಿಂತ.

ಮತ್ತ ಇದು ದೊಡ್ಡ ನಾಳ ಬ್ಲಾಕ್ ಆದವರಿಗೆ ಮಾತ್ರ. ಮುಂದಕ್ಕ ಹೋಗಿ ಸಣ್ಣ ಟೊಂಗಿಗಳಾಗ ಸಿಕ್ಕ ಕ್ಲಾಟಿಗೂ ಕ್ಯಾತೆಟರ್ ಹಾಕಿ ನೋಡಿದ ಪ್ರಯೋಗಗಳು 2025 ರಾಗ ಬಂದ್ವು, ಉಪಯೋಗ ಕಾಣಲಿಲ್ಲ. ಅಂದ್ರ ಡಾಕ್ಟರ್ "ನಿಮ್ಮವರಿಗೆ ಇದು ಬ್ಯಾಡ" ಅಂದ್ರ ಅದು ಆಸ್ಪತ್ರಿಯಾಗ ಸೌಕರ್ಯ ಇಲ್ಲ ಅಂತಲೇ ಇರಬೇಕಿಲ್ಲ, ಬ್ಯಾಡ ಅನ್ನೋದೇ ಸರಿಯಾದ ಚಿಕಿತ್ಸೆ ಇರಬಹುದು. ಹಿಂದಲಿ ಮಿದುಳಿಗೆ ಹೋಗೋ ಬೇಸಿಲಾರ್ ನಾಳ ಮಾತ್ರ ಬ್ಯಾರೆ ಕಥಿ, ಅದು ಬ್ಲಾಕ್ ಆದ್ರ ಮನುಷ್ಯ ಎಚ್ಚರ ತಪ್ಪಿ ವೆಂಟಿಲೇಟರಿಗೆ ಹೋಗ್ತಾನ, ಅಂಥವರಿಗೆ ಕ್ಯಾತೆಟರಿನಿಂದ ಜೀವ ಉಳಿಯೋದು ಹೆಚ್ಚು ಅಂತ ಚೀನಾದ ಎರಡು ಪ್ರಯೋಗ 2022 ರಾಗ ತೋರಿಸಿದ್ವು.

ಹಂಗಾದ್ರ ಎರಡರಾಗ ಯಾವುದು?

ದೊಡ್ಡ ನಾಳ ಬ್ಲಾಕ್ ಆದವರಿಗೆ ಎರಡೂ. ಇಂಜೆಕ್ಷನ್ ಬಿಟ್ಟು ಸೀದಾ ಕ್ಯಾತೆಟರಿಗೆ ಹೋದ್ರ ಹೆಂಗ ಅಂತ 2020 ರಿಂದೀಚೆಗೆ ಚೀನಾ, ಜಪಾನ್, ಯುರೋಪ್, ಆಸ್ಟ್ರೇಲಿಯಾ ಕಡಿ ಬಹಳ ಪ್ರಯೋಗ ಆಗ್ಯಾವ, ಕೂಡಿಸಿ ನೋಡಿದ್ರ ಇಂಜೆಕ್ಷನ್ ಬಿಟ್ಟರೂ ನಡೀತೈತಿ ಅಂತ ಗಟ್ಟಿಯಾಗಿ ಹೇಳಾಕ ಬಂದಿಲ್ಲ, ಹಂಗಾಗಿ ಕೊಡಾಕ ಬರೋ ಮನುಷ್ಯನಿಗೆ ಕೊಟ್ಟೇ ಕ್ಯಾತೆಟರಿಗೆ ಒಯ್ಯೋದು ಈಗಿನ ರೂಢಿ. ಆ ಪ್ರಯೋಗಗಳಾಗಿನ ರೋಗಿಗಳು ಕ್ಯಾತ್ ಲ್ಯಾಬ್ ಇರೋ ಆಸ್ಪತ್ರಿಗೇ ಬಂದಿದ್ರು ಅನ್ನೋದು ನೆನಪಿರಲಿ. ಕುಷ್ಟಗಿಯಾಗೋ ಮಾನ್ವಿಯಾಗೋ ಇರೋ ಮನುಷ್ಯ ಇಂಜೆಕ್ಷನ್ ಬಿಟ್ಟು ಗಾಡ್ಯಾಗ ಮೂರ್ನಾಲ್ಕು ತಾಸು ಮಲಗೋದು ಬ್ಯಾರೆನೇ ಲೆಕ್ಕ.

ಈಗ ಅಸಲಿ ವಿಷಯ: ಗಾಡಿ ಯಾವ ಕಡಿಗೆ

ದೊಡ್ಡ ನಾಳ ಬ್ಲಾಕ್ ಆದಾಗ ನಿಮಿಷಕ್ಕ ಸರಾಸರಿ 19 ಲಕ್ಷ ನರಕೋಶ ಸಾಯ್ತಾವ ಅಂತ 2006 ರಾಗ ಒಬ್ಬ ಡಾಕ್ಟರ್ ಲೆಕ್ಕ ಹಾಕಿದ್ರು, ಅದನ್ನ ಕೇಳಿದವರು ಎರಡು ಥರ ಹೆದರ್ತಾರ. ಒಬ್ಬರು ಸೀದಾ ಬೆಂಗಳೂರು ಅಂತಾರ, ಇನ್ನೊಬ್ಬರು ಪಕ್ಕದ ಓಣಿ ಕ್ಲಿನಿಕ್ ಅಂತಾರ. ನಮ್ಮ ನಕಾಶಿ ನೋಡ್ರಿ. ಕೊಪ್ಪಳದಿಂದ ಎನ್‌ಎಚ್ 67 ಹಿಡಿದು ಗದಗ ದಾಟಿ ಹುಬ್ಬಳ್ಳಿ ನೂರು ಚಿಲ್ಲರ ಕಿಲೋಮೀಟರ್, ರಾಯಚೂರಿನಿಂದ ಎನ್‌ಎಚ್ 167 ರಾಗ ಮಹಬೂಬನಗರ, ಜಡ್ಚರ್ಲಾ ಮ್ಯಾಲೆ ಹೈದರಾಬಾದ್ ಇನ್ನೂರರ ಆಜುಬಾಜು, ಬಳ್ಳಾರಿಯಿಂದ ಬೆಂಗಳೂರು ಮುನ್ನೂರರ ಮ್ಯಾಲ. ಸಿಂಧನೂರಿನವರದು ಇನ್ನೂ ಪೇಚು, ಬಳ್ಳಾರಿ, ರಾಯಚೂರು ಎರಡೂ ಹೆಚ್ಚುಕಮ್ಮಿ ಅಷ್ಟೇ ದೂರ. ಭತ್ತ ಕೊಯ್ಯೋ ಹೊತ್ತಿನಾಗ ಕಾರಟಗಿ, ಶ್ರೀರಾಮನಗರ ರೋಡಿನಾಗ ಟ್ರ್ಯಾಕ್ಟರ್ ಸಾಲು ಹೆಂಗಿರ್ತೈತಿ ಅಂತ ಗೊತ್ತಿದ್ದವರಿಗೆ ಗೂಗಲ್ ತೋರಿಸೋ ಟೈಮಿನ ಮ್ಯಾಲ ನಂಬಿಕಿ ಇರಂಗಿಲ್ಲ.

ಸ್ಪೇನಿನ ಕ್ಯಾಟಲೋನಿಯಾದಾಗ ಇದೇ ಪ್ರಶ್ನೆ ಇಟ್ಕೊಂಡು ಪ್ರಯೋಗ ಮಾಡಿದ್ರು, ಪಟ್ಟಣದಿಂದ ದೂರ ಇರೋ ಮಂದಿಗೆ ದೊಡ್ಡ ನಾಳದ ಬ್ಲಾಕ್ ಅನುಮಾನ ಬಂದ್ರ ಅರ್ಧ ಮಂದಿನ್ನ ಹತ್ತಿರದ ಸ್ಟ್ರೋಕ್ ಆಸ್ಪತ್ರಿಗೆ, ಇನ್ನರ್ಧ ಮಂದಿನ್ನ ಸೀದಾ ಕ್ಯಾತೆಟರ್ ಇರೋ ದೊಡ್ಡ ಆಸ್ಪತ್ರಿಗೆ ಒಯ್ದು ನೋಡಿದ್ರು. 2022 ರಾಗ ಬಂದ ಫಲಿತಾಂಶ: ಮೂರು ತಿಂಗಳಿಗೆ ಎರಡೂ ಗುಂಪು ಒಂದೇ. ಅಲ್ಲಿಯ ಸಣ್ಣ ಆಸ್ಪತ್ರಿಗಳು ಚುರುಕು, ಇಂಜೆಕ್ಷನ್ ಕೊಟ್ಟು ಬೇಗ ಮುಂದಕ್ಕ ಕಳಸ್ತಾವ, ಅದರ ಮ್ಯಾಲೇ ಈ ಸಮ ನಿಂತಿರೋದು.

ಇದನ್ನ ನಮ್ಮ ಕಡಿಗೆ ತಂದು ನೋಡಿದ್ರ ನನಗ ಅನ್ನಿಸೋದು ಹಿಂಗ. ಲಕ್ವ ಹೊಡೆದು ನಾಲ್ಕೂವರೆ ತಾಸಿನ ಒಳಗ ಇದ್ರ, ಮತ್ತ ಹತ್ತಿರದಾಗ ಸಿಟಿಯೂ ಇಂಜೆಕ್ಷನ್ನೂ ಎರಡೂ ಇರೋ ಜಾಗ ಇದ್ರ, ಅಲ್ಲಿಗೆ ಮೊದಲು. ಬಳ್ಳಾರಿಯಾಗ ನಾವೆಲ್ಲ ವಿಮ್ಸ್ ಅಂತಲೇ ಕರೆಯೋ ಮೆಡಿಕಲ್ ಕಾಲೇಜ್ ಐತಿ, ರಾಯಚೂರಿನಾಗ ರಿಮ್ಸ್, ಕೊಪ್ಪಳದಾಗ ಕಿಮ್ಸ್, ಜೊತಿಗೆ ಖಾಸಗಿಯವು ಅದಾವ. ಆದ್ರ ಸಿಟಿ ಇದ್ದ ಮಾತ್ರಕ್ಕ ಇಂಜೆಕ್ಷನ್ ಕೊಡ್ತಾರ ಅಂತಲ್ಲ, ಹಂಗೇ ಹಾರ್ಟಿನ ಕ್ಯಾತ್ ಲ್ಯಾಬ್ ಇದ್ದ ಮಾತ್ರಕ್ಕ ಮಿದುಳಿಂದೂ ಮಾಡ್ತಾರ ಅಂತಲ್ಲ, ಅದನ್ನ ಮಾಡೋ ಡಾಕ್ಟರೇ ಬ್ಯಾರೆ. ಯಾವ ಆಸ್ಪತ್ರಿಯಾಗ ರಾತ್ರಿ ಎರಡಕ್ಕೂ ಇದು ನಡೀತೈತಿ ಅನ್ನೋದು ಡಾಕ್ಟರ್ ಬಂದಂಗ ಹೋದಂಗ ಬದಲಾಗ್ತೈತಿ, ಹಂಗಾಗಿ ಮನ್ಯಾಗ ಬಿಪಿ, ಶುಗರ್, ಹಾರ್ಟಿನವರು ಇದ್ರ ಆರಾಮ ಇದ್ದಾಗಲೇ ಫೋನ್ ಹಚ್ಚಿ ಕೇಳ್ಕೊಂಡು ನಂಬರ್ ಗೋಡಿ ಮ್ಯಾಲ ಬರೆದಿಡ್ರಿ. ಕೇಳೋದು ಹಿಂಗ: "ಸರ್, ಸ್ಟ್ರೋಕ್ ಕೇಸ್ ಬಂದ್ರ ನಿಮ್ಮಲ್ಲಿ ಕ್ಲಾಟ್ ಕರಗಿಸೋ ಇಂಜೆಕ್ಷನ್ ರಾತ್ರಿನೂ ಕೊಡ್ತೀರೇನ್ರಿ? ಸಿಟಿ ಜೊತಿಗೆ ಡೈ ಹಾಕಿ ಆಂಜಿಯೋ ಮಾಡ್ತೀರಾ? ಬ್ಲಾಕ್ ದೊಡ್ಡದಿದ್ರ ಎಲ್ಲಿಗೆ ಕಳಸ್ತೀರಿ?" ಮೂರನೇ ಪ್ರಶ್ನೆಗೆ ಥಟ್ಟನೆ ಉತ್ತರ ಬಂದ್ರ ಆ ಆಸ್ಪತ್ರಿಯವರು ಈ ಕೆಲಸ ಮಾಡಿದವರು ಅಂತ ತಿಳ್ಕೊಳ್ರಿ.

ಹತ್ತಿರದಾಗ ಸಿಟಿ ಮಾತ್ರ ಐತಿ, ಇಂಜೆಕ್ಷನ್ ಇಲ್ಲ ಅಂದ್ರ? ಅಲ್ಲಿ ನಿಲ್ಲೋದು ಬ್ಯಾಡ, ಇಂಜೆಕ್ಷನ್ ಇರೋ ಮುಂದಿನ ಊರಿಗೆ ನಡೀರಿ. ಮೊದಲು ಸ್ಕ್ಯಾನ್ ಸೆಂಟರ್, ಆಮ್ಯಾಲ ರಿಪೋರ್ಟ್, ಆಮ್ಯಾಲ ಡಾಕ್ಟರ್ ಅಂತ ಮೂರು ಕಡಿ ತಿರುಗೋದು ನಮ್ಮಲ್ಲಿ ಬಹಳ, ಅದರಾಗೇ ನಾಲ್ಕೂವರೆ ತಾಸು ಮುಗೀತೈತಿ. ದೊಡ್ಡ ಆಸ್ಪತ್ರಿಗೂ ಹತ್ತಿರದ್ದಕ್ಕೂ ಬರೀ ಇಪ್ಪತ್ತು ಮೂವತ್ತು ನಿಮಿಷದ ಫರಕ ಇದ್ರ ಸೀದಾ ದೊಡ್ಡದಕ್ಕೇ ಹೋಗ್ರಿ. ಇಂಜೆಕ್ಷನ್ ಕೊಡಾಕ ಬರಂಗಿಲ್ಲ ಅಂತ ಮೊದಲೇ ಗೊತ್ತಿರೋ ಮನುಷ್ಯ, ಅಂದ್ರ ಮೊನ್ನೆ ಮೊನ್ನೆ ದೊಡ್ಡ ಆಪರೇಷನ್ ಆದವರು ಅಥವಾ ಅಸಿಟ್ರಾಮ್ ಮ್ಯಾಲ ಇದ್ದು ಐಎನ್‌ಆರ್ ಮ್ಯಾಲೇ ಇರೋರು, ಅವರಿಗೂ ಸೀದಾ ದೊಡ್ಡದೇ.

ಮುಂದಕ್ಕ ಕಳಸ್ತೀವಿ ಅಂದಾಗ ಮಾಡೋ ಕೆಲಸ ಒಂದೈತಿ. ಸಿಟಿ ಫಿಲ್ಮನ್ನ ಟ್ಯೂಬ್‌ಲೈಟಿಗೆ ಹಿಡಿದು ಮೊಬೈಲಿನಾಗ ಫೋಟೋ ತೆಗೆದು ಕಳಸೋದು ನಮ್ಮ ಪದ್ಧತಿ, ಅದರಾಗ ಹೊಳಪು ಬಿದ್ದು ಅರ್ಧ ಕಾಣಂಗಿಲ್ಲ. ಸ್ಕ್ಯಾನ್ ರೂಮಿನಾಗ ಸಿಡಿ ಕೇಳ್ರಿ, ಇಲ್ಲಾ ಕಂಪ್ಯೂಟರ್ ಪರದಿ ಮ್ಯಾಲಿನ ಚಿತ್ರಗಳನ್ನ ಒಂದೊಂದಾಗಿ ಓಡಿಸಿ ವಿಡಿಯೋ ಮಾಡ್ಕೊಡ್ರಿ ಅನ್ರಿ. ಅದು ಮೊದಲೇ ಮುಟ್ಟಿದ್ರ ನೀವು ಗದಗ ದಾಟೋದ್ರಾಗ ಹುಬ್ಬಳ್ಳಿಯವರು ಕ್ಯಾತ್ ಲ್ಯಾಬ್ ತಯಾರ ಇಡ್ತಾರ. ಗಾಡಿಗೆ 108 ಕ್ಕ ಹಚ್ಚಿ "ಸ್ಟ್ರೋಕ್" ಅಂತಲೇ ಹೇಳ್ರಿ, ಬರೀ ಹುಷಾರಿಲ್ಲ ಅನ್ನಬ್ಯಾಡ್ರಿ.

ತಡ ಆಗಿಬಿಟ್ಟೈತಿ ಅಂದ್ರ

ಬೆಳಿಗ್ಗಿ ಏಳೋದ್ರಾಗ ಕೈ ಬಿದ್ದಿತ್ತು ಅನ್ನೋ ಕೇಸು ಬಹಳ. ಇಲ್ಲಿ ಟೈಮ್ ಲೆಕ್ಕ ಎದ್ದಾಗಿಂದ ಅಲ್ಲ, ಕೊನಿಗೆ ಚೊಲೋ ಇದ್ದದ್ದನ್ನ ಯಾರರ ನೋಡಿದ ಹೊತ್ತಿನಿಂದ. ರಾತ್ರಿ ಹತ್ತಕ್ಕ ಊಟ ಮಾಡಿ ಮಲಗಿದ್ರ ಹತ್ತರಿಂದ, ನಡುವ ಮೂರಕ್ಕ ಎದ್ದು ನೀರು ಕುಡಿದು ಸೊಸಿ ಜೊತಿ ಮಾತಾಡಿದ್ರ ಮೂರರಿಂದ. ಆ ಮೂರು ಗಂಟಿ ಮಾತು ನೆನಪಾದ್ರ ಚಿಕಿತ್ಸೆನೇ ಬದಲಾಗಬಹುದು, ಅದಕ್ಕ ಆ ಸೊಸಿನೇ ಗಾಡ್ಯಾಗ ಕೂರಬೇಕು, ಗಂಡಸರೇ ಹೋಗಬೇಕು ಅನ್ನೋದು ಬ್ಯಾಡ.

ಆರು ತಾಸು ದಾಟಿದವರಿಗೂ ಕ್ಯಾತೆಟರಿನ ಬಾಗಿಲು ಮುಚ್ಚಿಲ್ಲ ಅಂತ 2018 ರಾಗ ಎರಡು ಪ್ರಯೋಗ ಬಂದ್ವು, ಒಂದು 16 ತಾಸಿನ ತನಕ, ಇನ್ನೊಂದು 24 ತಾಸಿನ ತನಕ. ಆ ಎರಡನೇದರಾಗ ಸ್ವತಂತ್ರವಾಗಿ ಬದುಕೋ ಮಟ್ಟಕ್ಕ ಬಂದವರು ನೂರಕ್ಕ 49, ಬರೀ ಔಷಧದಾಗ 13. ಆದ್ರ ಇದರಾಗ ಸೇರಿಸಿಕೊಂಡದ್ದು ಆರಿಸಿದ ಮಂದಿನ್ನ, ಸ್ಪೆಷಲ್ ಸ್ಕ್ಯಾನಿನಾಗ ಸತ್ತ ಭಾಗ ಸಣ್ಣದು, ಉಳಿಸಬಹುದಾದ ಭಾಗ ದೊಡ್ಡದು ಅಂತ ಕಂಡವರನ್ನ. 24 ತಾಸು ಟೈಮ್ ಐತಿ ಅಂತ ಊಟ ಮಾಡಿ ಹೊರಡಾಕ ಇದು ಪರವಾನಗಿ ಅಲ್ಲ. ಸತ್ತ ಭಾಗ ದೊಡ್ಡದಾಗಿದ್ರೂ ಕೆಲವರಿಗೆ ಲಾಭ ಐತಿ ಅಂತ 2022, 2023 ರ ಪ್ರಯೋಗಗಳು ಹೇಳ್ಯಾವ, ಲಾಭ ಅಂದ್ರ ಅಲ್ಲಿ ಹಾಸಿಗಿ ಹಿಡಿಯೋದರ ಬದಲು ಕೋಲು ಹಿಡಿದು ನಡೆಯೋ ಥರದ್ದು. ತೊಂಬತ್ತರ ಅಜ್ಜಿ, ಮೊದಲೇ ಹಾಸಿಗಿ ಹಿಡಿದವರು, ಇಂಥವರಿಗೆ ಬ್ಯಾಡ ಅಂತ ಮನಿಯವರು ತೀರ್ಮಾನ ಮಾಡಿದ್ರ ಅದು ಕರುಣೆ ಇಲ್ಲದ ಮಾತಲ್ಲ. ಓಡಾಡ್ಕೊಂಡು ಎಮ್ಮಿ ಕರೀತಿದ್ದ ಎಂಬತ್ತೈದರ ಅಜ್ಜಿ ಆದ್ರ ವಯಸ್ಸೊಂದೇ ನೋಡಿ ಬಿಡಬ್ಯಾಡ್ರಿ.

ದುಡ್ಡು

ಇಂಜೆಕ್ಷನ್ ಸಾವಿರಗಳ ಲೆಕ್ಕ, ಕ್ಯಾತೆಟರ್ ಲಕ್ಷಗಳ ಲೆಕ್ಕ, ಅದರಾಗ ಸಾಮಾನಿಂದೇ ದೊಡ್ಡ ಪಾಲು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಾಗ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಐತಿ, ಎಪಿಎಲ್‌ನವರಿಗೆ ಪ್ಯಾಕೇಜಿನ 30 ಪರ್ಸೆಂಟ್. ಎಮರ್ಜೆನ್ಸಿಗೆ ಸರ್ಕಾರಿ ಆಸ್ಪತ್ರಿಯ ರೆಫರಲ್ ಚೀಟಿ ಬೇಕಿಲ್ಲ, ಆದ್ರ ಹೋಗೋ ಆಸ್ಪತ್ರಿ ಯೋಜನೆಯ ಪಟ್ಟಿಯಾಗ ಇರಬೇಕು. ರಾಯಚೂರಿನವರು ಹೈದರಾಬಾದಿಗೆ ಹೊರಡೋ ಮೊದಲು ಫೋನಿನಾಗ ಇದನ್ನೇ ಮೊದಲು ಕೇಳ್ರಿ. ಆಧಾರ್, ರೇಷನ್ ಕಾರ್ಡು ಗುಳಿಗಿ ಡಬ್ಬಿ ಜೊತಿಗೇ ಇರಲಿ. ಸಹಿ ಯಾರು ಮಾಡೋದು ಅನ್ನೋದೂ ದಾರ್ಯಾಗೇ ತೀರ್ಮಾನ ಆಗಲಿ, ದುಬೈದಾಗಿರೋ ಅಣ್ಣ ಫೋನ್ ಎತ್ತಲಿ ಅಂತ ಕಾಯೋದ್ರಾಗ ಹೋಗೋದು ನಿಮ್ಮಪ್ಪನ ಮಾತು, ಕೈ.

ಲಕ್ವ ಆಗಿ ವಾರದ ಮ್ಯಾಲ ಬರೋ ಇನ್ನೊಂದು ಆಯ್ಕಿ

ಇದು ಅವಸರದ್ದಲ್ಲ, ಹಂಗಾಗಿ ಇಲ್ಲಿ ನಿಜವಾಗ್ಲೂ ಕೂತು ಯೋಚಿಸಬಹುದು, ಎರಡನೇ ಡಾಕ್ಟರನ್ನೂ ಕೇಳಬಹುದು. ಮಿದುಳಿನ ಒಳಗಿನ ನಾಳ ಸಣ್ಣ ಆಗೈತಿ, ಸ್ಟೆಂಟ್ ಹಾಕೋಣ ಅಂತ ಯಾರರ ಹೇಳಿದ್ರ ಕೂಡ್ಲೇ ಹೂಂ ಅನ್ನಬ್ಯಾಡ್ರಿ. ಹಾರ್ಟಿನ ಸ್ಟೆಂಟಿನಂಗ ಅಲ್ಲ ಇದು. 2011 ರಾಗ ಬಂದ ಅಮೆರಿಕದ ದೊಡ್ಡ ಪ್ರಯೋಗದಾಗ ಸ್ಟೆಂಟ್ ಹಾಕಿಸಿಕೊಂಡವರಾಗ ಮೂವತ್ತು ದಿನದಾಗ ಮತ್ತ ಲಕ್ವ ಅಥವಾ ಸಾವು ನೂರಕ್ಕ 14.7, ಗುಳಿಗಿ, ಬಿಪಿ, ಕೊಬ್ಬು ಕಟ್ಟುನಿಟ್ಟಾಗಿ ನೋಡ್ಕೊಂಡವರಾಗ 5.8. ಗುಳಿಗಿನೇ ಗೆದ್ದದ್ದು. ಗುಳಿಗಿ ಸರಿಯಾಗಿ ತಗೊಂಡ್ರೂ ಮತ್ತ ಮತ್ತ ಲಕ್ವ ಬರ್ತಿದ್ರ ಮಾತ್ರ ಸ್ಟೆಂಟಿನ ಮಾತು.

ಕುತ್ತಿಗಿ ನಾಳದ್ದು ಬ್ಯಾರೆ. ಅಲ್ಲಿ ಜೋರು ಬ್ಲಾಕ್ ಇದ್ದು ಅದೇ ಕಡೆಯಿಂದ ಸಣ್ಣ ಲಕ್ವ ಬಂದಿದ್ರ ಎರಡು ವಾರದ ಒಳಗ ತೆಗೆಸೋದು ಒಳ್ಳೇದು. ಕತ್ತರಿಸಿ ಸ್ವಚ್ಛ ಮಾಡೋ ಆಪರೇಷನ್ನಾ, ಸ್ಟೆಂಟಾ ಅಂದ್ರ 2010 ರ ಪ್ರಯೋಗದಾಗ ಸ್ಟೆಂಟಿನ ಹೊತ್ತಿಗೆ ಲಕ್ವ ಹೆಚ್ಚು, ಆಪರೇಷನ್ನಿನ ಹೊತ್ತಿಗೆ ಹಾರ್ಟ್ ಅಟ್ಯಾಕ್ ಹೆಚ್ಚು ಕಂಡಿತ್ತು. ಎಪ್ಪತ್ತು ದಾಟಿದವರಿಗೆ ಆಪರೇಷನ್ ವಾಸಿ, ಹಾರ್ಟ್ ಬಹಳ ಕೆಟ್ಟಿದ್ರ, ಕುತ್ತಿಗಿಗೆ ಮೊದಲೇ ರೇಡಿಯೇಷನ್ ಆಗಿದ್ರ ಸ್ಟೆಂಟ್ ವಾಸಿ.

ಇಷ್ಟೆಲ್ಲ ಆಗಿ ಮನಿಗೆ ಬಂದ ಮ್ಯಾಲ ಚೀಟಿಯಾಗ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಂತ ಎರಡು ಬರೆದಿರ್ತಾರ, ಕೆಲವರಿಗೆ ಮೂರು ವಾರ, ಕೆಲವರಿಗೆ ಮೂರು ತಿಂಗಳು ಕೊಟ್ಟು ಆಮ್ಯಾಲ ಒಂದನ್ನ ನಿಲ್ಲಸ್ತಾರ. ಯಾವುದನ್ನ, ಯಾವ ತಾರೀಖಿಗೆ ನಿಲ್ಲಸಬೇಕು ಅಂತ ಡಿಸ್ಚಾರ್ಜ್ ದಿನನೇ ಡಾಕ್ಟರ ಕೈಲೆ ಬರೆಸ್ಕೊಳ್ರಿ. ಆರು ತಿಂಗಳ ಮ್ಯಾಲ ಖಾಲಿ ಸ್ಟ್ರಿಪ್ ತಂದು "ಇದು ಇನ್ನೂ ಬೇಕೇನಣ್ಣಾ?" ಅಂತ ನನ್ನ ಕೇಳಿದ್ರ ಅದನ್ನ ನಾ ಹೇಳಂಗಿಲ್ಲ, ಚೀಟಿ ತರ್ರಿ.